ಮಧ್ಯಮ ಸೈಜು ಅಂದರೆ ಯಾರು

ಹೋದ ತಿಂಗಳು ಬಿ.ಸಿ. ರೋಡಿನ ಸಭಾಭವನವೊಂದರಲ್ಲಿ ನಮ್ಮ ಸೈಕಲ್ ಆಚಾರ್ರಿಗೆ ನುಡಿನಮನ ಇಟ್ಟುಕೊಂಡಿದ್ದರು. ವೇದಿಕೆಯ ಹಿಂದೆ ಆಳೆತ್ತರದ ಫ್ಲೆಕ್ಸು, ಮುಂದೆ ದೀಪ, ಮಾಲೆ, ಸಭೆ ಮುಗಿದ ಮೇಲೆ ಬಂದವರಿಗೆಲ್ಲ ಬಾದಾಮಿ ಹಾಲು. ಏರ್ಪಾಡು ಮಾಡಿದ್ದು ಮಂಗಳೂರು ಕಡೆಯ ಸೈಕಲ್ ಸವಾರರ ಒಂದು ಸಂಘ. ಅದರ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಅವರು ಮೈಕಿನ ಮುಂದೆ ನಿಂತು, "ಇವರು ಬರೀ ಕುಶಲಕರ್ಮಿಯಲ್ಲ, ಕಲಾವಿದರು, ತುಳುನಾಡಿನ ಹೆಮ್ಮೆ" ಎಂದರು. ಸತ್ತವರ ಸಭೆಯಲ್ಲೂ ಚಪ್ಪಾಳೆ ಬಿತ್ತು. ನನ್ನನ್ನೂ ಎರಡು ಮಾತಾಡಲು ಕರೆದರು. ಗಂಟಲು ಸರಿಯಿಲ್ಲ ಎಂದು ಕೈಸನ್ನೆ ಮಾಡಿ ಕೂತೆ. ಗಂಟಲಿಗೆ ಏನೂ ಆಗಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಆ ಬಾದಾಮಿ ಹಾಲು ಅಲ್ಲಿ ಯಾರಿಗೂ ಇಳಿಯುತ್ತಿರಲಿಲ್ಲ.

ಆ ಸಿಟ್ಟು ಇನ್ನೂ ಹೋಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬದುಕಿದ್ದಾಗ ಹೆಸರು ಕೇಳದವರು ಸತ್ತ ಮೇಲೆ ಅದನ್ನು ಫ್ಲೆಕ್ಸಿನಲ್ಲಿ ದೊಡ್ಡದಾಗಿ ಹಾಕಿಸಿದ್ದಾರೆ, ಅಷ್ಟು ಸಾಕು. ಬಂಟ್ವಾಳ ಪೇಟೆಗೆ ಅವರು ಸೈಕಲ್ ಆಚಾರ್ರು, ನನಗೂ ಅಷ್ಟೇ.

ಬೆಳ್ತಂಗಡಿ ಕಡೆಯ ಕಮ್ಮಾರರ ಮನೆಯವರು. ಮೂವತ್ತು ವರ್ಷದ ಹಿಂದೆ ಬಂಟ್ವಾಳ ಪೇಟೆಯ ಒಂದು ಓಣಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದು ಗೇಟು, ಕಿಟಕಿಯ ಗ್ರಿಲ್ಲು, ಅಂಗಳಕ್ಕೆ ಹೊದೆಸುವ ಶೀಟಿನ ಮಾಡು ಮಾಡಿಕೊಡುತ್ತಿದ್ದರು. ಅದರ ಜೊತೆಗೆ ಇನ್ನೊಂದು ಕೆಲಸ. ಸೈಕಲಿನ ಫ್ರೇಮು, ಎಂದರೆ ಸೈಕಲಿನ ಎಲುಬುಗೂಡು, ಅದನ್ನು ಒಬ್ಬೊಬ್ಬರ ಮೈಗೆ ಅಳತೆ ತೆಗೆದು ಕೈಯಿಂದಲೇ ಮಾಡುತ್ತಿದ್ದರು. ತೆಳ್ಳಗಿನ ಉಕ್ಕಿನ ಪೈಪು ತರಿಸಿ, ಕತ್ತರಿಸಿ, ತುದಿಗಳನ್ನು ಅರದಿಂದ ಉಜ್ಜಿ ಒಂದಕ್ಕೊಂದು ಕೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಚಕ್ರ, ಚೈನು, ಪೆಡಲು ಎಲ್ಲ ಅಂಗಡಿಯಿಂದ ತಂದು ಸಿಕ್ಕಿಸುವುದು. ಮುರಿದ ಸೈಕಲುಗಳಿಗೆ ಬೆಸುಗೆ ಹಾಕುತ್ತಾ ಹಾಕುತ್ತಾ ತಾವಾಗಿ ಕಲಿತದ್ದು. ಮುರಿಯುವ ಸೈಕಲುಗಳೆಲ್ಲ ಒಂದೇ ಅಳತೆಯವು, ಓಡಿಸುವವರು ಮಾತ್ರ ನೂರು ಅಳತೆಯವರು ಎಂಬುದು ಅವರಿಗೆ ಮೊದಲು ಹೊಳೆದ ವಿಷಯವಂತೆ.

ನನಗೆ ಅವರ ಪರಿಚಯವಾದದ್ದು ಗೇಟಿನಿಂದ. ನರಿಕೊಂಬಿನ ನನ್ನ ಮನೆಗೆ ಗೇಟು ಕೂರಿಸಲು ಬಂದವರು ಜಗಲಿಯಲ್ಲಿದ್ದ ನನ್ನ ಸೈಕಲನ್ನು ಬಹಳ ಹೊತ್ತು ನೋಡಿದರು.

"ಇದು ನಿಮ್ಮ ಸೈಕಲ್ ಅಲ್ಲ ಮಾಸ್ಟ್ರೇ."

"ರಶೀದಿ ಉಂಟು ಆಚಾರ್ರೇ, ತೋರಿಸಬೇಕಾ?"

"ರಶೀದಿ ನಿಮ್ಮದೇ ಇರಬಹುದು. ಸೈಕಲ್ ಬೇರೆ ಯಾರದ್ದೋ. ನಿಮಗೆ ಸೊಂಟನೋವು ಉಂಟಲ್ಲ?"

ಇತ್ತು. ಆ ಸೊಂಟನೋವಿಗೆ ನಾನು ಮೂರು ಡಾಕ್ಟರನ್ನು ನೋಡಿದ್ದೆ, ಯಾರೂ ಸೈಕಲಿನ ಬಗ್ಗೆ ಕೇಳಿರಲಿಲ್ಲ. ನಿಮಗೊಂದು ಫ್ರೇಮು ಮಾಡುವ ಎಂದರು. ಮುಂದಿನ ವರ್ಷ ನೋಡುವ ಎಂದೆ. ಆ ಮುಂದಿನ ವರ್ಷ ಹದಿನೈದು ವರ್ಷ ಮುಂದೆ ಹೋಯಿತು. ನಡುವಿನಲ್ಲಿ ನಾನು ಕಾರು ತೆಗೆದುಕೊಂಡೆ.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಿದ್ದವನು. ಉತ್ಪಾದನಾ ವೆಚ್ಚ, ಲಾಭಾಂಶ, ಬಂಡವಾಳ ಎಂದು ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದವನು. ಕಾಲೇಜಿನಿಂದ ಬರುವಾಗ ಪೇಟೆಯಲ್ಲಿ ಇಳಿದು ಆಚಾರ್ರ ಅಂಗಡಿಯ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಹೋಗುವುದು ರೂಢಿಯಾಯಿತು. ಅಲ್ಲಿ ನಾನು ಕಂಡ ವ್ಯಾಪಾರ ನನ್ನ ಯಾವ ಪಾಠದಲ್ಲೂ ಇರಲಿಲ್ಲ.

ಅಳತೆ ತೆಗೆಯುವುದನ್ನು ನೋಡಬೇಕಿತ್ತು. ಬಂದವರು ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಕಾಲಿನ ಅಳತೆಗೆಂದು ದಪ್ಪದ ಹಳೆಯ ಟೆಲಿಫೋನ್ ಡೈರೆಕ್ಟರಿಯೊಂದನ್ನು ತೊಡೆಗಳ ನಡುವೆ ಹಿಡಿದು ಮೇಲಕ್ಕೆ ಎಳೆದುಕೊಳ್ಳಬೇಕು. ಊರಿನ ದೊಡ್ಡ ದೊಡ್ಡ ಮನುಷ್ಯರು ಹಾಗೆ ನಿಂತಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಕೈ, ಭುಜ, ಮುಂಡ. ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಅಂಗಡಿಯ ಹಳೆಯ ಸೈಕಲೊಂದನ್ನು ಕೊಟ್ಟು, ಪೊಳಲಿಯವರೆಗೆ ಹೋಗಿ ಬನ್ನಿ ಎನ್ನುವರು. ಅವರ ಹಿಂದೆಯೇ ತಾವೂ ಇನ್ನೊಂದು ಸೈಕಲಿನಲ್ಲಿ ಹೊರಡುವರು. ಯಾಕೆ ಹಿಂದೆ ಹೋಗುವುದು ಎಂದು ಕೇಳಿದ್ದೆ.

"ನೋವು ಎಲ್ಲಿ ಅಂತ ಕೇಳಿದರೆ ಜನ ಮರ್ಯಾದೆಗೆ ಸುಳ್ಳು ಹೇಳ್ತಾರೆ ಮಾಸ್ಟ್ರೇ. ಹಿಂದಿನಿಂದ ಸೊಂಟ ನೋಡಿದರೆ ಗೊತ್ತಾಗ್ತದೆ."

ಅರ್ಧ ದಿನ ಹೀಗೆ ಹೋಗುತ್ತಿತ್ತು. ಆ ಅರ್ಧ ದಿನಕ್ಕೆ ಅವರು ಯಾರಿಂದಲೂ ಬಿಡಿಕಾಸು ತೆಗೆದುಕೊಂಡದ್ದಿಲ್ಲ. ಎಷ್ಟೋ ಜನ ಅಳತೆ ಕೊಟ್ಟು, ಸೋಡಾ ಕುಡಿದು, ಆಲೋಚನೆ ಮಾಡಿ ಹೇಳ್ತೇನೆ ಎಂದು ಹೋದವರು ಮತ್ತೆ ಆ ಓಣಿಗೆ ಕಾಲಿಡಲಿಲ್ಲ. ಕೆಲವರು ಆ ಅಳತೆಯ ಚೀಟಿಯನ್ನೂ ಕೇಳಿ ತೆಗೆದುಕೊಂಡು ಹೋಗಿ ಬೇರೆ ಕಡೆ ವಿದೇಶದ ಸೈಕಲ್ ಕೊಳ್ಳುವಾಗ ಉಪಯೋಗಿಸಿದರು. ನನಗೆ ಮೈ ಉರಿಯುತ್ತಿತ್ತು. ಅವರು ಮಾತ್ರ, "ಅಳತೆ ಅವರದ್ದೇ ಅಲ್ಲವಾ" ಎನ್ನುತ್ತಿದ್ದರು.

ಅಳತೆಯಿಲ್ಲದೆ ಕೆಲಸ ಮುಟ್ಟದಿರುವುದು ಅವರಿಗೆ ಮನೆಯಿಂದ ಬಂದದ್ದು. ಅವರ ತಂದೆ ಶೇಂದಿ ತೆಗೆಯುವ ಮೂರ್ತೆಯವರಿಗೆ ಕತ್ತಿ ಮಾಡಿಕೊಡುತ್ತಿದ್ದರಂತೆ. "ಕತ್ತಿ ಬೇಕು ಅಂತ ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದರೆ ಅಪ್ಪ ಮಾಡ್ತಿರಲಿಲ್ಲ. ಮರ ಹತ್ತುವವನೇ ಬರಬೇಕು. ಅವನ ಅಂಗೈ ಹಿಡಿದು ನೋಡಿ, ಅವನು ಎಡಗೈಯವನಾ ಬಲಗೈಯವನಾ ನೋಡಿ ಆಮೇಲೆ ಕುಲುಮೆಗೆ ಗಾಳಿ. ಕೈ ನೋಡದೆ ಮಾಡಿದ ಕತ್ತಿ ಮರದ ಮೇಲೆ ಯಾರನ್ನು ಕಡಿಯುತ್ತದೆ ಅಂತ ಹೇಳಲಿಕ್ಕೆ ಆಗ್ತದಾ?" ಇದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿರಬೇಕು. ನಾನು ಹತ್ತು ಸಲವೂ ತಲೆಯಾಡಿಸಿದ್ದೇನೆ, ಒಂದು ಸಲವೂ ಕೇಳಿಸಿಕೊಂಡಿಲ್ಲ.

ಈಗ ಹಲ್ಲಿನ ಡಾಕ್ಟರ ವಿಷಯ. ಅವರ ಫ್ರೇಮಿಗೆ ಆಚಾರ್ರು ಆರು ದಿನ ಕೂತಿದ್ದರು. ಒಂದು ಜಾಯಿಂಟು ಮನಸ್ಸಿಗೆ ಬರಲಿಲ್ಲವೆಂದು ಕತ್ತರಿಸಿ ಬಿಸಾಡಿ ಹೊಸ ಪೈಪು ಹಾಕಿದ್ದರು. ಬೈಕಂಪಾಡಿಗೆ ಕಳಿಸಿ ಬಣ್ಣ ಹಾಕಿಸಿದ್ದರು. ಡಾಕ್ಟರು ಬಂದು ಫ್ರೇಮನ್ನು ಒಂದೇ ಬೆರಳಿನಲ್ಲಿ ಎತ್ತಿ ನೋಡಿ ಸಂತೋಷಪಟ್ಟರು. ಅವರ ಕೈಯಲ್ಲಿದ್ದ ಗಡಿಯಾರದ ಬೆಲೆಗೆ ಅಂಥ ಹತ್ತು ಫ್ರೇಮು ಬರುತ್ತಿತ್ತು. ಕ್ರಯ ಕೇಳಿದರು. ಆಚಾರ್ರು ಹೇಳಿದರು. ಆಗ ಆ ಮನುಷ್ಯ ಹೇಳಿದ್ದನ್ನು ನಾನು ಬೆಂಚಿನಲ್ಲಿ ಕೂತು ಈ ಕಿವಿಯಲ್ಲಿ ಕೇಳಿದ್ದೇನೆ.

"ಅಲ್ಲ ಆಚಾರ್ರೇ, ನಮ್ಮ ಕ್ಲಿನಿಕ್ಕಿನ ಗೇಟಿಗೆ ಕಿಲೋ ಲೆಕ್ಕದಲ್ಲಿ ತೆಗೊಂಡಿರಲ್ಲ. ಇದು ಎರಡು ಕಿಲೋ ಸಹ ಇಲ್ಲ ಮಾರಾಯ್ರೆ."

ನಮ್ಮೂರಿನಲ್ಲಿ ಕಬ್ಬಿಣಕ್ಕೆ ಇರುವುದು ಒಂದೇ ಲೆಕ್ಕ, ಕಿಲೋ. ಗೇಟು ಭಾರವಾದಷ್ಟೂ ದುಡ್ಡು ಹೆಚ್ಚು, ಕೊಡುವವರಿಗೂ ಹೆಮ್ಮೆ. ಫ್ರೇಮಿನಲ್ಲಿ ಅದು ಪೂರ್ತಿ ತಿರುಗುಮುರುಗು. ಹಗುರ ಮಾಡಿದಷ್ಟೂ ಪೈಪು ತುಟ್ಟಿ, ಬೆಸುಗೆ ಕಷ್ಟ, ಕೈ ತಪ್ಪಿದರೆ ಪೈಪು ಸುಟ್ಟುಹೋಗುವ ಭಯ. ಕಡಿಮೆ ಕಬ್ಬಿಣಕ್ಕೆ ಹೆಚ್ಚು ದುಡ್ಡು ಕೊಡಬೇಕು ಎಂಬುದು ಓದಿದ ಡಾಕ್ಟರ ತಲೆಗೇ ಹೋಗಲಿಲ್ಲವೆಂದ ಮೇಲೆ ಉಳಿದವರ ಮಾತೇನು. ಆಚಾರ್ರು ನಕ್ಕು, ಹೇಳಿದ್ದರಲ್ಲಿ ಕಾಲುಭಾಗ ಬಿಟ್ಟುಕೊಟ್ಟರು. ಆ ಕಾಲುಭಾಗ ಎಂದರೆ ಅವರ ಆರು ದಿನದ ಕೂಲಿ ಪೂರ್ತಿ. ತುಳುನಾಡಿನ ಹೆಮ್ಮೆಗೆ ಡಾಕ್ಟರು ಅಂದು ಕಟ್ಟಿದ ಬೆಲೆ ಅದು.

ಆ ದಿನ ನಾನು ಅಂಗಡಿಯಲ್ಲೇ ಕಾಗದ ಪೆನ್ನು ಹಿಡಿದು ಕೂತೆ. ಒಂದು ಫ್ರೇಮಿಗೆ ಎಷ್ಟು ಖರ್ಚು ಹೇಳಿ ಎಂದೆ. ಪೈಪು ಇಷ್ಟು, ಗ್ಯಾಸು ಇಷ್ಟು, ಹಿತ್ತಾಳೆ ಸರಿಗೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದು ಪಟಪಟನೆ ಹೇಳಿದರು.

"ನಿಮ್ಮ ಕೂಲಿ?"

"ನನಗೆ ನಾನೇ ಕೂಲಿ ಕೊಡುವುದಾ?"

"ಅಂಗಡಿಯ ಬಾಡಿಗೆ?"

"ಅದು ಗೇಟಿನ ಲೆಕ್ಕದಲ್ಲಿ ಹೋಗ್ತದೆ."

"ಕತ್ತರಿಸಿ ಬಿಸಾಡಿದ್ದು?"

"ಅದು ನನ್ನ ತಪ್ಪಲ್ಲವಾ ಮಾಸ್ಟ್ರೇ. ನನ್ನ ತಪ್ಪಿಗೆ ಅವರು ಯಾಕೆ ಕೊಡಬೇಕು?"

ಊಟ ತಂದಿದ್ದ ಅವರ ಹೆಂಡತಿ ಬುತ್ತಿಯನ್ನು ಬೆಂಚಿನ ಮೇಲೆ ಇಡುತ್ತಾ, "ಗೇಟು ಮಾಡಿ ತಂದದ್ದನ್ನು ಸೈಕಲಿಗೆ ಹಾಕ್ತಾರೆ. ನನಗೆ ಇವರಲ್ಲಿ ಹೇಳಿ ಹೇಳಿ ಸಾಕಾಗಿದೆ, ನೀವಾದರೂ ಹೇಳಿ ಮಾಸ್ಟ್ರೇ" ಎಂದರು. ಹೇಳ್ತೇನೆ ಅಕ್ಕ ಎಂದೆ. ಹೇಳಿದೆ ಕೂಡ. ಹೇಳಬಾರದಿತ್ತು.

ಪೂರ್ತಿ ಕ್ರಯ ಕೊಟ್ಟವರು ಇರಲಿಲ್ಲವೇ ಎಂದರೆ ಇದ್ದರು. ಒಂದು ಕಾಲು ಗಿಡ್ಡವಿದ್ದ ಮೀನಿನವನೊಬ್ಬ ಇದ್ದ. ಮೀನಿನ ಪೆಟ್ಟಿಗೆ ಕಟ್ಟುವ ಅವನ ಸೈಕಲಿಗೆ ಒಂದು ಪೆಡಲನ್ನು ಮೇಲೆ ತಂದು, ಹಿಂದಿನ ಪೈಪು ಉದ್ದ ಮಾಡಿ ಕೊಟ್ಟರು. ಅವನು ಕ್ರಯ ಕೊಟ್ಟ ಮೇಲೂ ಮಳೆಗಾಲ ಒಂದು ಬಿಟ್ಟು ಒಂದೂವರೆ ವರ್ಷ ವಾರಕ್ಕೊಮ್ಮೆ ಬಂಗುಡೆ ತಂದು ಕೊಟ್ಟ, ಯಾರೂ ಕೇಳದೆ. ಇನ್ನೊಬ್ಬರು ಪೇಟೆಯ ಜವಳಿ ಅಂಗಡಿಯ ಹಾಜಿಯವರು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು, ಅರವತ್ತು ದಾಟಿ ಮೊಣಕಾಲು ನೋವೆಂದು ಸೈಕಲ್ ಬಿಟ್ಟವರು. ಆಚಾರ್ರ ಫ್ರೇಮಿನ ಮೇಲೆ ಮತ್ತೆ ಹತ್ತಿದರು. ಹೇಳಿದ ಕ್ರಯಕ್ಕೆ ಇನ್ನಷ್ಟು ಸೇರಿಸಿ ಕೊಟ್ಟರು. "ಪ್ಯಾಂಟು ಹೊಲಿಯುವವನಿಗೆ ನಾನು ಬಟ್ಟೆಯ ತೂಕ ನೋಡಿ ಕೊಡ್ತೇನಾ?" ಎಂದು ನನ್ನ ಕಡೆ ನೋಡಿ ಕೇಳಿದರು, ನಾನೇ ಚೌಕಾಸಿ ಮಾಡಿದ ಹಾಗೆ.

ಹಾಗೆ ನಡೆಯುತ್ತಿತ್ತು. ತಿಂಗಳಿಗೆ ಎರಡು ಫ್ರೇಮು, ಉಳಿದ ದಿನ ಗೇಟು, ಗ್ರಿಲ್ಲು. ಸಿರಿತನ ಇರಲಿಲ್ಲ, ಸಾಲವೂ ಇರಲಿಲ್ಲ. ಆಮೇಲೆ ಕೊರೊನಾ ಬಂತು. ಬಸ್ಸು ನಿಂತು, ಜಿಮ್ಮು ಮುಚ್ಚಿ, ಊರಿಗೆಲ್ಲ ಸೈಕಲಿನ ಹುಚ್ಚು ಹಿಡಿಯಿತು. ಮಂಗಳೂರಿನಿಂದ, ಉಡುಪಿಯಿಂದ ಫೋನು ಬರತೊಡಗಿತು. ಆಚಾರ್ರ ಅಂಗಡಿಯ ಮುಂದೆ ಕಾರುಗಳು ನಿಂತವು. ಯಾರೋ ವೀಡಿಯೋ ಮಾಡಿ ಹಾಕಿದರು, ಅದನ್ನು ನೋಡಿದವರು ಫೋನಿನಲ್ಲಿ, ನಾಳೆಗೇ ಸಿಗ್ತದಾ ಎಂದು ಕೇಳತೊಡಗಿದರು. ನಾಲ್ಕು ತಿಂಗಳಾಗ್ತದೆ ಎಂದರೆ ಇಟ್ಟುಬಿಡುತ್ತಿದ್ದರು.

ನಾನು ಆಗಷ್ಟೇ ನಿವೃತ್ತನಾಗಿದ್ದೆ. ಕೈಯಲ್ಲಿ ಕೆಲಸವಿಲ್ಲದ ಮೇಷ್ಟ್ರಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ಬ್ಯಾಂಕಿನಲ್ಲಿ ಸಣ್ಣ ಉದ್ಯಮಕ್ಕೆ ಸಾಲ ಉಂಟು, ದೊಡ್ಡದು ಮಾಡುವ ಎಂದೆ. ಆಚಾರ್ರಿಗೆ ಮನಸ್ಸಿರಲಿಲ್ಲ. ಎಷ್ಟು ದೊಡ್ಡದು ಎಂದು ಕೇಳಿದರು. ನಾನು ಬಿಡಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರು ಫೋಟೋಗಳನ್ನು ನೋಡಿ ಮೆಚ್ಚಿದರು.

"ತಿಂಗಳಿಗೆ ಎಷ್ಟು ಪೀಸು ಆಗ್ತದೆ?"

"ಎರಡು" ಎಂದರು ಆಚಾರ್ರು.

"ಎರಡು ಡಜನ್?"

"ಅಲ್ಲ. ಎರಡು."

ಮ್ಯಾನೇಜರು ನನ್ನ ಮುಖ ನೋಡಿದರು. ಇದು ಹವ್ಯಾಸದ ಹಾಗೆ ಕಾಣ್ತದೆ ಸರ್, ವ್ಯವಹಾರದ ಹಾಗೆ ಕಾಣಬೇಕು, ಸ್ಟಾಕು ಬೇಕು, ಸೈಜು ಬೇಕು, ಒಂದು ಒಳ್ಳೆಯ ರಿಪೋರ್ಟು ಮಾಡಿ ತನ್ನಿ ಎಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಮೇಲಿನಿಂದ ಬಂದ ಫಾರ್ಮಿನಲ್ಲಿ ಅಳತೆಗೆ ಮಾಡುವವನಿಗೆ ಒಂದು ಗೆರೆಯ ಜಾಗವೂ ಇರಲಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ, ನಾನು ಬೆಂಚಿನಲ್ಲಿ ಹದಿನೈದು ವರ್ಷ ಕೂತವನಲ್ಲವೇ.

ರಿಪೋರ್ಟನ್ನು ನಾನು ಮೂರು ದಿನ ಕೂತು ಬರೆದೆ. ಎಷ್ಟು ಚೆನ್ನಾಗಿ ಬರೆದೆ ಎಂದರೆ, ಓದಿದರೆ ನನಗೇ ಸಾಲ ಕೊಡಬೇಕೆನಿಸುತ್ತಿತ್ತು. ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಸೈಜು. ಮೊದಲ ಕಂತಿಗೆ ಮೂವತ್ತು ಫ್ರೇಮಿನ ಸ್ಟಾಕು. ಗೇಟಿನ ಕೆಲಸ ಸಮಯ ತಿನ್ನುವುದರಿಂದ ಅದನ್ನು ನಿಲ್ಲಿಸಿ ಪೂರ್ತಿ ಗಮನ ಸೈಕಲಿಗೆ. ಇದನ್ನು ಬರೆದದ್ದು ಈ ಕೈ. ಮೂವತ್ತು ವರ್ಷ ಮಕ್ಕಳಿಗೆ ಪರೀಕ್ಷೆಯಲ್ಲಿ ಇದೇ ಉತ್ತರಕ್ಕೆ ಪೂರ್ತಿ ಮಾರ್ಕು ಕೊಟ್ಟಿದ್ದೆ. ಗೇಟೇ ಆ ಮನೆಗೆ ಅನ್ನ ಹಾಕುತ್ತಿದ್ದದ್ದು ಎಂದು ಆ ಅಕ್ಕ ನನ್ನ ಎದುರಿಗೇ ಹೇಳಿದ್ದರೂ ನನ್ನ ಪೆನ್ನು ನಿಲ್ಲಲಿಲ್ಲ.

ಆಚಾರ್ರು ಓದಲಿಲ್ಲ. ಮಾಸ್ಟ್ರು ಬರೆದದ್ದಲ್ಲವಾ ಎಂದು ಪ್ರತಿ ಪುಟದ ಕೆಳಗೆ ಸಹಿ ಹಾಕಿದರು. ಸೈಜಿನ ವಿಷಯ ನಾನು ಬಾಯಲ್ಲಿ ಹೇಳಿದಾಗ ಮಾತ್ರ ಕೈ ನಿಲ್ಲಿಸಿ ಕೇಳಿದರು.

"ಮಧ್ಯಮ ಸೈಜು ಅಂದರೆ ಯಾರು ಮಾಸ್ಟ್ರೇ?"

"ಯಾರೂ ಅಲ್ಲ ಆಚಾರ್ರೇ. ಮಾರ್ಕೆಟ್ಟು."

"ಯಾರೂ ಅಲ್ಲದವನ ಅಳತೆ ಹೇಗೆ ತೆಗೆಯುವುದು?"

ನಾನು ನಕ್ಕೆ. ವಿಷಯ ತಿಳಿದು ಹಾಜಿಯವರು ಅಂಗಡಿಯಿಂದ ಇಳಿದು ಬಂದರು. ನನ್ನನ್ನು ಪಕ್ಕಕ್ಕೆ ಕರೆದು, "ಮಾಸ್ಟ್ರೇ, ನಾನು ಬಟ್ಟೆಯ ಥಾನು ಸ್ಟಾಕು ಇಡಬಹುದು. ಒಬ್ಬನ ಅಳತೆ ತೆಗೆದು ಹೊಲಿದ ಪ್ಯಾಂಟು ಸ್ಟಾಕು ಇಟ್ಟರೆ ಯಾರಿಗೆ ಆಗ್ತದೆ? ಇವರು ಕ್ರಯ ಹೆಚ್ಚು ಮಾಡಲಿ, ಬೇಕಾದವರು ಕಾಯಲಿ. ಸಾಲ ಬೇಡ" ಎಂದರು. ನಿಮಗೆ ಸೈಕಲ್ ಮಾರ್ಕೆಟ್ಟು ಗೊತ್ತಿಲ್ಲ ಹಾಜಿಯವರೇ ಎಂದೆ. ಎಸ್ಸೆಸ್ಸೆಲ್ಸಿಯೂ ಮುಗಿಸದ ಆ ಮನುಷ್ಯ ಎರಡು ನಿಮಿಷದಲ್ಲಿ ಹೇಳಿದ ಪಾಠ ನನ್ನ ಎಂ.ಕಾಂ.ನಲ್ಲಿ ಇರಲಿಲ್ಲ.

ಸಾಲ ಬಂತು. ಹೊಸ ಗ್ಯಾಸ್ ಸೆಟ್ಟು, ಫ್ರೇಮು ಕೂರಿಸುವ ಉಕ್ಕಿನ ಮೇಜು, ಒಟ್ಟಿಗೆ ತರಿಸಿದ ಪೈಪಿನ ಕಟ್ಟು ಎಲ್ಲ ಬಂತು. ನಾನು ನನ್ನ ಮಗಳ ಬಾಣಂತನಕ್ಕೆಂದು ಏಳೆಂಟು ತಿಂಗಳು ಊರಲ್ಲಿರಲಿಲ್ಲ. ವಾಪಸು ಬಂದು ನೋಡಿದರೆ ಅಂಗಡಿಯ ಮಾಡಿನ ಕೆಳಗೆ ಸಾಲಾಗಿ ಫ್ರೇಮುಗಳು ತೂಗುತ್ತಿದ್ದವು. ಬಣ್ಣ ಹಾಕಿರಲಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಸವರಿದ್ದರು. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ. ಚೀಟಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಇರಬೇಕಿತ್ತು. ನೋಡಿದರೆ, ಕ್ಷೌರದಂಗಡಿಯವ. ಕಂಡಕ್ಟರು. ಮೆಡಿಕಲ್ಲಿನವರು. ಪೋಸ್ಟಿನ ಅಮ್ಮ.

"ಇದೆಂಥದ್ದು ಆಚಾರ್ರೇ?"

"ಯಾರೂ ಅಲ್ಲದವನಿಗೆ ಮಾಡಲಿಕ್ಕೆ ಕೈ ಹೋಗಲಿಲ್ಲ ಮಾಸ್ಟ್ರೇ. ಹತ್ತು ದಿನ ಪೈಪು ಹಿಡಿದು ಸುಮ್ಮನೆ ಕೂತೆ. ಆಮೇಲೆ ಪೇಟೆಯಲ್ಲಿ ದಿನಾ ಕಾಣುವವರನ್ನು ಒಬ್ಬೊಬ್ಬರಾಗಿ ಕರೆದು ಅಳತೆ ತೆಗೆದೆ. ಸುಮ್ಮನೆ ಅಂತ ಹೇಳಿದೆ."

"ಅವರು ಕೊಳ್ಳುತ್ತಾರಂತಾ?"

"ಅದನ್ನು ಕೇಳಲಿಲ್ಲ. ಕೇಳಿದರೆ ಅವರಿಗೆ ಸಂಕೋಚ ಆಗ್ತದೆ."

ಮೂವತ್ತು ಜನರಿಗೆ ಮೂವತ್ತು ಫ್ರೇಮು. ಆ ಮೂವತ್ತು ಜನಕ್ಕೆ ಅದು ಗೊತ್ತಿಲ್ಲ. ದಿನವಿಡೀ ಬಸ್ಸಿನಲ್ಲಿ ಓಡಾಡುವ ಕಂಡಕ್ಟರಿಗೆ ಸೈಕಲಿನ ಅಗತ್ಯವೇ ಇಲ್ಲ. ನಾನು ತಲೆಯ ಮೇಲೆ ಕೈ ಹೊತ್ತು ಬೆಂಚಿನಲ್ಲಿ ಕೂತೆ. ಹೋಗಲಿ, ಬಂದವರಿಗೆ ಮಾರಿ, ಚೀಟಿ ಕಿತ್ತು ಬಿಸಾಡಿ ಎಂದೆ. ಸರಿ ಎಂದರು. ಮಾಡಲಿಲ್ಲ. ಮಂಗಳೂರಿನಿಂದ ಒಬ್ಬ ಎಂಜಿನಿಯರು ಬಂದು, ದುಡ್ಡು ಹಿಡಿದುಕೊಂಡೇ, ಇದನ್ನೇ ಕೊಡಿ ಎಂದು ಒಂದು ಫ್ರೇಮು ತೋರಿಸಿದ. ನಾನು ಅಲ್ಲೇ ಇದ್ದೆ. "ಅದು ಆಗುವುದಿಲ್ಲ, ಕಂಡಕ್ಟರದ್ದು" ಎಂದರು ಆಚಾರ್ರು. ನಿಮ್ಮ ಕಾಲು ಉದ್ದ, ಇದರಲ್ಲಿ ನಾಲ್ಕು ತಿಂಗಳಿಗೆ ಮೊಣಕಾಲು ಹೋಗ್ತದೆ, ಅಳತೆ ಕೊಟ್ಟು ಹೋಗಿ, ನಿಮ್ಮದನ್ನು ಮಾಡಿಕೊಡ್ತೇನೆ ಎಂದರು. ಅವನು ಆಗಲಿ ಎಂದು ಹೋದವನು ಹೋದ. ನಾನು ಅವರ ಮೇಲೆ ಹರಿಹಾಯ್ದೆ. ಓಣಿಗೆಲ್ಲ ಕೇಳುವಷ್ಟು ಕೂಗಿದೆ. ಹುಚ್ಚು ಹಿಡಿದಿದೆಯಾ ನಿಮಗೆ ಎಂದೆ. ಅವರು ತಲೆತಗ್ಗಿಸಿ ಅರ ಉಜ್ಜುತ್ತಾ ನಿಂತಿದ್ದರು.

ಈಗ ಕೇಳಿದರೆ ಹೇಳುತ್ತೇನೆ, ಅಂದು ಆ ಓಣಿಯಲ್ಲಿ ಬುದ್ಧಿ ಸರಿಯಿದ್ದವರು ಅವರೊಬ್ಬರೇ. ಅವರ ಕೈಯಲ್ಲಿದ್ದ ವ್ಯಾಪಾರ ಒಬ್ಬೊಬ್ಬರಿಗೆ ಒಂದೊಂದು ಮಾಡುವ ವ್ಯಾಪಾರ. ಅದಕ್ಕೆ ಸರಿಯಾದ ಕ್ರಯ ಕೊಡಿಸುವುದು ಬಿಟ್ಟು, ನಾನು ಅವರನ್ನು ಫ್ಯಾಕ್ಟರಿ ಮಾಡಲು ಹೋದೆ. ಕ್ರಯ ಹೆಚ್ಚು ಮಾಡಿಸಬೇಕಿದ್ದರೆ ಡಾಕ್ಟರ ಎದುರು ಬಾಯಿ ಬಿಡಬೇಕಿತ್ತು, ಅವತ್ತೂ ನಾನು ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ದೊಡ್ಡವರ ಎದುರು ಬಾರದ ಸಿಟ್ಟು ಬಡ ಆಚಾರಿಯ ಎದುರು ಧಾರಾಳವಾಗಿ ಬಂತು.

ಕೊರೊನಾ ಹೋಯಿತು, ಸೈಕಲ್ ಹುಚ್ಚೂ ಹೋಯಿತು. ಜನ ಕೊಂಡ ಸೈಕಲುಗಳ ಮೇಲೆ ಬಟ್ಟೆ ಒಣಹಾಕಿದರು. ಗೇಟು ಮಾಡಿಸುವವರು ಇಷ್ಟರಲ್ಲಿ ಬೇರೆ ಅಂಗಡಿ ನೋಡಿಕೊಂಡಿದ್ದರು. ಮೂವತ್ತರಲ್ಲಿ ನಾಲ್ಕು ಫ್ರೇಮು ಹೋದವು, ಅದರಲ್ಲಿ ಎರಡನ್ನು ಹಾಜಿಯವರೇ ಅಳತೆ ಹೊಂದುವವರನ್ನು ಹುಡುಕಿ ಕೊಡಿಸಿದ್ದು. ಕಂತು ನಿಂತಿತು. ನೋಟೀಸು ಬಂತು, ಮತ್ತೊಂದು ಬಂತು. ಆ ಮ್ಯಾನೇಜರು ವರ್ಗವಾಗಿ ಹೋಗಿದ್ದರು. ಹೊಸಬರ ಮುಂದೆ ನಾನು ಹೋಗಿ ನಿಂತೆ. ಅವರು ನನ್ನದೇ ರಿಪೋರ್ಟನ್ನು ತೆಗೆದು ಮೇಜಿನ ಮೇಲಿಟ್ಟು, ಇದರಲ್ಲಿ ಬರೆದ ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಿದರು.

ಏಲಂ ನಡೆದದ್ದು ಅಂಗಡಿಯ ಮುಂದೆ, ಬೆಳಗ್ಗೆ ಹನ್ನೊಂದಕ್ಕೆ. ಮೇಜು ಮತ್ತು ಗ್ಯಾಸ್ ಸೆಟ್ಟು ಬೆಳ್ತಂಗಡಿಯ ಶೀಟ್ ಮಾಡಿನ ಅಂಗಡಿಯೊಂದಕ್ಕೆ ಹೋದವು. ಆಮೇಲೆ ಆಚಾರ್ರೂ ಅದೇ ಅಂಗಡಿಗೆ ಸಂಬಳಕ್ಕೆ ಹೋದರು, ಎದೆನೋವಿನಿಂದ ಬಿದ್ದದ್ದೂ ಅಲ್ಲಿಯೇ. ಫ್ರೇಮುಗಳನ್ನು ಯಾರೂ ಕೇಳಲಿಲ್ಲ. ಕ್ಷೌರದಂಗಡಿಯವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೆಡಿಕಲ್ಲಿನವರು ನೋಡುತ್ತಿದ್ದರು. ಚೀಟಿಗಳು ಆಗಲೂ ಫ್ರೇಮಿಗೇ ಕಟ್ಟಿಕೊಂಡಿದ್ದವು, ಓದಲು ಬರುವ ಎಲ್ಲರಿಗೂ ಕಾಣುತ್ತಿದ್ದವು. ಹಾಜಿಯವರು ಆಗ ಮಗನ ಮನೆಗೆಂದು ಗಲ್ಫಿಗೆ ಹೋಗಿದ್ದರು. ಹಲ್ಲಿನ ಡಾಕ್ಟರು ತಮ್ಮ ಸೈಕಲಿನಲ್ಲೇ ಬಂದು, ತೂಗುವ ಫ್ರೇಮುಗಳ ಫೋಟೋ ತೆಗೆದುಕೊಂಡು ಹೋದರು. ಕೊನೆಗೆ ಮೂಡುಬಿದಿರೆಯ ಗುಜರಿಯವನೊಬ್ಬ ಕಿಲೋ ಲೆಕ್ಕದಲ್ಲಿ ಕೇಳಿದ. ಇಪ್ಪತ್ತಾರು ಫ್ರೇಮು ಒಟ್ಟು ತೂಗಿದರೆ ಒಂದು ಮನೆಯ ಗೇಟಿನಷ್ಟೂ ಬರಲಿಲ್ಲ.

ಫ್ರೇಮುಗಳು ಪಿಕಪ್ಪಿನಲ್ಲಿ ಒಂದಕ್ಕೊಂದು ಸಿಕ್ಕಿಕೊಂಡು ಹಿಡಿಸಲಿಲ್ಲ. ಗುಜರಿಯವನ ಕೆಲಸದಾಳು ಗ್ರೈಂಡರ್ ತಂದು ಒಂದು ಫ್ರೇಮಿನ ಜಾಯಿಂಟಿಗೇ ಬ್ಲೇಡು ಇಟ್ಟ. ಅಷ್ಟು ಹೊತ್ತೂ ಮೆಟ್ಟಿಲಲ್ಲಿ ಕೂತಿದ್ದ ಆಚಾರ್ರು ಎದ್ದು ಬಂದರು.

"ಅಲ್ಲಿ ಇಡಬೇಡ. ಅಲ್ಲಿ ಹಿತ್ತಾಳೆ ಉಂಟು, ನಿನ್ನ ಬ್ಲೇಡು ಹಾಳಾಗ್ತದೆ. ಕೊಡು ಇಲ್ಲಿ."

ತಾವೇ ಗ್ರೈಂಡರ್ ತೆಗೆದುಕೊಂಡು, ಪೈಪಿನ ನಡುಭಾಗದಲ್ಲಿ ನೇರವಾಗಿ ಕತ್ತರಿಸಿದರು. ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು, ಕತ್ತರಿಸುವುದು, ತುಂಡುಗಳನ್ನು ಜೋಡಿಸಿಡುವುದು. ಕಂಡಕ್ಟರದ್ದು ಆಯಿತು. ಪೋಸ್ಟಿನ ಅಮ್ಮನದ್ದು ಆಯಿತು. ಗುಜರಿಯವನಿಗೇ ಹೇಗೋ ಆಗಿರಬೇಕು. ಜೇಬಿನಿಂದ ನೋಟು ತೆಗೆದು, "ಅರ್ಧ ದಿನದ್ದು ಇಟ್ಟುಕೊಳ್ಳಿ ಆಚಾರ್ರೇ" ಎಂದು ಕೊಟ್ಟ. ಚೌಕಾಸಿ ಇಲ್ಲ, ಏನಿಲ್ಲ. ಆಚಾರ್ರು ತೆಗೆದುಕೊಂಡರು.

ಕೊನೆಯ ಫ್ರೇಮನ್ನು ಕೈಗೆತ್ತಿಕೊಂಡವರು ಚೀಟಿ ನೋಡಿ ನಿಂತರು. ನನ್ನ ಕಡೆ ತಿರುಗಿದರು. ರಿಪೋರ್ಟಿಗೆ ಸಹಿ ಹಾಕಿದ ದಿನವೇ ಅವರು ನನ್ನನ್ನೂ ಅಳತೆಗೆಂದು ಗೋಡೆಗೆ ನಿಲ್ಲಿಸಿದ್ದರು, ಎಲ್ಲರಿಗಿಂತ ಮೊದಲು.

"ಮಾಸ್ಟ್ರೇ, ಇದು ನಿಮ್ಮದು. ಕೊಂಡು ಹೋಗ್ತೀರಾ?"

ಗುಜರಿಯವನು ನನ್ನನ್ನು ನೋಡಿ, "ಕೊಂಡು ಹೋಗಿ ಮಾಸ್ಟ್ರೇ, ಎರಡು ಕಿಲೋದ್ದಕ್ಕೆ ಎಂತ" ಎಂದ. ಓಣಿಯ ಜನ ಎಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಅದನ್ನು ತೆಗೆದುಕೊಂಡರೆ ಪ್ರತಿದಿನ ಜಗಲಿಯಲ್ಲಿ ನಾನು ಮಾಡಿದ್ದನ್ನು ನೋಡುತ್ತಾ ಕೂರಬೇಕಲ್ಲ ಎನಿಸಿತು. ಒಂದು ಕೈ ಮುಂದೆ ಚಾಚಿದ್ದರೆ ಸಾಕಿತ್ತು. ಆ ಇಪ್ಪತ್ತಾರರಲ್ಲಿ ಒಂದಾದರೂ ಉಳಿಯುತ್ತಿತ್ತು.

"ನನಗೆ ಇನ್ನು ಸೈಕಲ್ ಎಲ್ಲಿ ಆಗ್ತದೆ ಆಚಾರ್ರೇ" ಎಂದೆ. "ಕಟ್ ಮಾಡಿ."

ಅವರು ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು, ಪೈಪನ್ನು ಮೆಟ್ಟಿಲಿಗೆ ಆನಿಸಿ ಹಿಡಿದರು, ಕತ್ತರಿಸಿದರು.